ಮುಕ್ಕುಂದದ ಗುಂಪು ಬಸ್ ಹತ್ತಿದ ದಿನ

ಮೊದಲು ಸಿಂಧನೂರಿನಾಗ ಉದ್ಯೋಗ ಕೇಂದ್ರ ಅಂದ್ರ ಹೆಸರು ಬರೆಸು, ಮನಿಗೆ ಹೋಗು, ಕಾಯಿ. ಈಗ ಅದನ್ನ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಾರ. ಕಂಪನಿ ಒಬ್ಬರಿಗೆ ಕೆಲಸ ಹಚ್ಚಿ, ಅವರು ಕೆಲಸ ಬಿಡದಂಗ ಅಲ್ಲೇ ನಿಂತ್ರ ಮಾತ್ರ ಸರಕಾರ ಕಂಪನಿಗೆ ತಲಿಗಿಷ್ಟು ಅಂತ ರೊಕ್ಕ ಕೊಡ್ತದ. ನಾನೂ ಅಲ್ಲಿ ಗುತ್ತಿಗೆ ಮ್ಯಾಲ ಕೆಲಸಕ್ಕದೀನಿ. "ಈ ಪದ್ಧತಿ ಆಸ್ಟ್ರೇಲಿಯಾದಾಗ ನಡದದ, ಇಂಗ್ಲೆಂಡಿನಾಗ ನಡದದ" ಅಂತ ತರಬೇತಿಯೊಳಗ ಹೇಳಿದಾಗ ನಂಗ ಹುರುಪೇ ಹುರುಪು! ಎಲ್ಲಿಯದೋ ಪದ್ಧತಿ, ನಮ್ಮ ಬಸ್ ಸ್ಟ್ಯಾಂಡ್ ಬಾಜೂಕ!

ಆದ್ರ ಮ್ಯಾನೇಜರ್ ಲಗೂ ಕೆಲಸ ಸಿಗೋರನ್ನ ಮುಂದ ಕರೀತಿದ್ರು, ವಯಸ್ಸಾದೋರಿಗೆ "ಆಮ್ಯಾಲೆ ಬರ್ರಿ" ಅಂತಿದ್ರು. ಆ ದೇಶಗಳಾಗೂ ಹಿಂಗ ಆಗಿ, ಕೆಲಸ ಸಿಗೋದು ಕಷ್ಟ ಇದ್ದೋರಿಗೆ ಹಚ್ಚಿಕೊಟ್ರ ಕಂಪನಿಗೆ ಹೆಚ್ಚು ರೊಕ್ಕ ಅಂತ ನಿಯಮ ತಿದ್ದಿದ್ರಂತ. ನಮ್ಮಲ್ಲಿಗೆ ಆ ತಿದ್ದುಪಡಿ ಇನ್ನೂ ಬಂದಿರಲಿಲ್ಲ.

ಒಂದಿನ ಮುಕ್ಕುಂದದಿಂದ ಭತ್ತ ನಾಟಿ ಮಾಡೋ ಹೆಣ್ಣುಮಕ್ಕಳ ಗುಂಪು ಬಂತು. ಮಸ್ಕಿಯ ಚೀಲ ಹೊಲಿಯೋ ಕಾರ್ಖಾನಿಗೆ ಮಂದಿ ಬೇಕಾಗಿತ್ತು, ಕೂತು ಮಾಡೋ ಕೆಲಸ. ಗುಂಪಿನ ಹಿರೇಕಿಗೆ ಬಗ್ಗಿ ಬಗ್ಗಿ ನಡಾ ಹೋಗಿತ್ತು. ಇನ್ನ ಗದ್ದಿಗೆ ಇಳಿಯೋ ಹಂಗಿರಲಿಲ್ಲ. ಇದು ಸಿಗದಿದ್ರ ಆಕಿ ಅಳಿಯನ ಮುಂದ ಕೈ ಚಾಚಬೇಕಿತ್ತು.

ಮ್ಯಾನೇಜರ್ ಆಕಿನ್ನ ಬಿಟ್ಟು ಉಳಿದೋರ ಹೆಸರು ಕರೆದ್ರು. ಒಬ್ಬಾಕಿನೂ ಏಳಲಿಲ್ಲ.

"ಯಾಕ್ರವ್ವಾ, ಕೆಲಸ ಬ್ಯಾಡೇನು?"

ಗುಂಪಿನಾಗಿನ ಒಬ್ಬಾಕಿ ಅಂದ್ಲು: "ನಾಟಿಯೊಳಗ ನಾವು ಕೂಲಿ ಸಮಾ ಹಂಚ್ಕೊಂತೀವ್ರಿ ಸರ್. ನಿಧಾನ ನೆಡಾಕಿ ಅಂತ ಯಾರನ್ನೂ ಬದುವಿನ ಮ್ಯಾಲ ಬಿಟ್ಟು ಹೋಗಂಗಿಲ್ಲ. ಅಕ್ಕ ಬಂದ್ರ ನಾವು, ಇಲ್ಲಂದ್ರ ನಾವೂ ಇಲ್ಲ."

ಯಪ್ಪಾ! ನಾ ಖುರ್ಚಿಂದ ಎದ್ದೇ ಬಿಟ್ಟೆ. ತಲಿಗಿಷ್ಟು ಅನ್ನೋ ಪದ್ಧತಿಯೊಳಗ ಗುಂಪಿಗೆ ಜಾಗಾನೇ ಇರಲಿಲ್ಲ, ಇವರು ಕೂತಲ್ಲೇ ಜಾಗಾ ಮಾಡ್ಕೊಂಡ್ರು! "ಒಬ್ಬಾಕಿನ್ನ ಬಿಟ್ರ ಎಲ್ಲಾರೂ ಹೋಗ್ತಾರ, ನೋಡ್ರಿ ಮತ್ತ ಸರ್!" ಅಂದೆ, ಅನ್ನಬಾರದಷ್ಟು ಜೋರಾಗಿ. ಮ್ಯಾನೇಜರ್ ಮಾರಿ ಗಂಟು ಹಾಕ್ಕೊಂಡೇ ಕಾರ್ಖಾನಿಗೆ ಫೋನ್ ಹಚ್ಚಿದ್ರು. ಅಲ್ಲಿಯವರೂ ಹ್ಞೂಂ ಅಂದ್ರು.

ಸೋಮವಾರ ಮುಂಜಾನೆ ಕಾರ್ಖಾನಿ ಬಸ್ ಬಂತು. ನಂಗ ಕುಣಿಬೇಕು ಅನಸ್ತಿತ್ತು. ಎಲ್ಲಾರೂ ಮೊದಲು ಹಿರೇಕಿನ್ನ ಹತ್ತಿಸಿದ್ರು. ಆಕಿ ಕಿಟಕ್ಯಾಗಿಂದ ನನ್ನ ಕೈ ಹಿಡಕೊಂಡು, "ನಿಂದೂ ಗುತ್ತಿಗೆ ಕೆಲಸ ಅಂತಲ್ಲ ತಂಗಿ? ನಾಳೆ ನಿನ್ನ ಬ್ಯಾಡ ಅಂದ್ರ, ನಿನ್ನ ಸಲುವಾಗಿ ಯಾರು ಏಳದಂಗ ಕೂಡ್ತಾರ?" ಅಂತ ಕೇಳಿದ್ಲು.

ಬಸ್ ಲಿಂಗಸುಗೂರು ರಸ್ತಿ ಹಿಡೀತು. ನಾ ದಡಬಡ ಒಳಗ ಹೋಗಿ, ನಮ್ಮ ಆಫೀಸಿನ ಗುತ್ತಿಗೆ ಹುಡುಗ್ಯಾರನ್ನೆಲ್ಲಾ ಚಹಾಕ್ಕ ಕರೆದೆ.