ಹೊಟ್ಟೆಯೊಳಗಿನವು ಲೆಕ್ಕಕ್ಕಿಲ್ಲ

ಕುರುಗೋಡಿನ ಹೊರಗೆ, ಮಾವ ಬಿಟ್ಟುಹೋದ ತುಂಡು ಜಮೀನಿನಲ್ಲಿ ನಾವು ಹಂದಿ ಸಾಕಲು ಶುರು ಮಾಡಿದಾಗ ನನ್ನ ತವರಿನವರು ನಮ್ಮ ಮನೆಯಲ್ಲಿ ಉಣ್ಣುವುದನ್ನು ಬಿಟ್ಟರು. ಗಂಡ ತಲೆ ಕೆಡಿಸಿಕೊಳ್ಳಲಿಲ್ಲ. ಪಶು ಆಸ್ಪತ್ರೆಯ ಡಾಕ್ಟರಮ್ಮ ಖುದ್ದು ಬ್ಯಾಂಕಿಗೆ ಬಂದು ಸಾಲ ಕೊಡಿಸಿದ್ದರು. ಸರ್ಕಾರದ ಸಬ್ಸಿಡಿಯಲ್ಲಿ ಶೆಡ್ಡು ಎದ್ದಿತ್ತು. ಸಿರುಗುಪ್ಪದ ರೈಸ್ ಮಿಲ್ಲುಗಳಿಂದ ತೌಡು, ಬಳ್ಳಾರಿಯ ಹೋಟೆಲುಗಳಿಂದ ಉಳಿದ ಅನ್ನ, ಸಾರು. ಅದನ್ನೆಲ್ಲ ಕುದಿಸಿ ಹಾಕುವುದು ನನ್ನ ಪಾಲಿನ ಕೆಲಸ. ತೌಡಿನ ರೇಟು ಏರಿದರೆ ಆ ತಿಂಗಳು ಕೈಗೆ ಏನೂ ಉಳಿಯುತ್ತಿರಲಿಲ್ಲ. ಆದರೂ ಮರಿಗಳಿಗೆ ಗಿರಾಕಿಗಳಿದ್ದರು, ಬದುಕು ನಡೆಯುತ್ತಿತ್ತು.

ಮೊದಲು ತಂದ ಹೆಣ್ಣು ಹಂದಿಯನ್ನು ‘ದೊಡ್ಡಾಕಿ’ ಎನ್ನುತ್ತಿದ್ದೆವು. ಗಂಡನ ಬೈಕಿನ ಸದ್ದು ಕೇಳಿದರೆ ಸಾಕು, ಗೋಡೆಗೆ ಮುಂಗಾಲು ಹಚ್ಚಿ ನಿಲ್ಲುತ್ತಿತ್ತು. ಬೇರೆ ಯಾರಿಗೂ ಮೈ ಮುಟ್ಟಗೊಡುತ್ತಿರಲಿಲ್ಲ, ದಿನಾ ಹೊಟ್ಟೆಗೆ ಹಾಕುವ ನನಗೂ.

ಅದು ಮತ್ತೆ ಗಬ್ಬವಾಗಿದ್ದಾಗ ಹತ್ತಿರದ ಇನ್ನೊಂದು ಶೆಡ್ಡಿನಲ್ಲಿ ಹಂದಿಜ್ವರ ಕಾಣಿಸಿತು. ಹಂದಿಗಳಿಗಷ್ಟೇ ಹಬ್ಬುವ, ಮದ್ದಿಲ್ಲದ ರೋಗ. ಸುತ್ತಲಿನ ಹಂದಿಗಳನ್ನೆಲ್ಲ, ಚೆನ್ನಾಗಿದ್ದರೂ, ಕೊಂದು ಹೂಳಬೇಕೆಂದು ಆದೇಶವಾಯಿತು. ನಮ್ಮವು ಒಂದೂ ಮೇವು ಬಿಟ್ಟಿರಲಿಲ್ಲ.

ಸಾಲ ಕೊಡಿಸಿದ ಡಾಕ್ಟರಮ್ಮನೇ ತಂಡ ಕಟ್ಟಿಕೊಂಡು ಬಂದರು. ಶೆಡ್ಡಿನ ಹಿಂದೆ ಜೆಸಿಬಿ ಗುಂಡಿ ತೋಡಿತು. ಪರಿಹಾರ ತಲೆಯೆಣಿಸಿ, ತೂಕ ನೋಡಿ ಎಂದರು. ದೊಡ್ಡಾಕಿಯ ಸರದಿ ಬಂದಾಗ ಗಂಡ ಅಡ್ಡ ನಿಂತರು.

“ಹೊಟ್ಯಾಗಿನ ಮರಿನೂ ಬರಕೊಳ್ರಿ ಮೇಡಮ್ಮಾರ.”

“ಅದಕ್ಕ ಅವಕಾಶ ಇಲ್ರಿ ಅಣ್ಣಾರ. ಹುಟ್ಟಿದ್ದಕ್ಕಷ್ಟ ಕೊಡ್ತಾರ.”

“ಇನ್ನೊಂದು ವಾರ ತಡದಿದ್ರ ಹುಟ್ತಿದ್ವಲ್ರಿ.”

ಡಾಕ್ಟರಮ್ಮ ಸೂಜಿಗೆ ಔಷಧ ತುಂಬಿಕೊಂಡರು. ಮಾಸ್ಕಿನ ಮೇಲೆ ಕಣ್ಣು ಕೆಂಪಾಗಿದ್ದವು.

ಸೂಜಿ ಹಿಡಿದವರನ್ನು ದೊಡ್ಡಾಕಿ ಹತ್ತಿರಕ್ಕೇ ಬಿಡಲಿಲ್ಲ. ಗೋಡೆಗೆ ಢಿಕ್ಕಿ ಹೊಡೆದು ಮೂತಿಯೆಲ್ಲ ರಕ್ತ. ಹಗ್ಗ ಹಾಕಿ ಕೆಡವಲು ನೋಡಿದರು.

“ಬಿಡ್ರಿ, ಎಳದಾಡಬ್ಯಾಡ್ರಿ,” ಎಂದು ಗಂಡನೇ ಒಳಗೆ ಹೋದರು. ಕಿವಿಯ ಹಿಂದೆ ಕೆರೆದರು, ಹೊಟ್ಟೆ ಸವರಿದರು. ಅದು ಉಸಿರು ಬಿಟ್ಟು, ಅವರ ಮೊಣಕಾಲಿಗೆ ತಲೆಯಿಟ್ಟು ಮಲಗಿತು. ಹೊಟ್ಟೆಯಲ್ಲಿ ಮರಿಗಳು ಮಿಸುಕಾಡುವುದು ಬಾಗಿಲಲ್ಲಿ ನಿಂತ ನನಗೂ ಕಾಣುತ್ತಿತ್ತು. ಡಾಕ್ಟರಮ್ಮ ಸೂಜಿ ಹಾಕಿದರು. ಕಾಲು ಸೆಟೆದು ನಿಂತವು. ಹೊಟ್ಟೆಯ ಮಿಸುಕಾಟ ಕೂಡಲೇ ನಿಲ್ಲಲಿಲ್ಲ. ಅದು ನಿಲ್ಲುವವರೆಗೂ ಗಂಡ ಕೈ ತೆಗೆಯಲಿಲ್ಲ.

ಪರಿಹಾರ ತಡವಾಗಿ ಬಂತು, ಬಂದದ್ದು ಹಾಗೇ ಸಾಲಕ್ಕೆ ಹೋಯಿತು. ಗಂಡ ಸಿರುಗುಪ್ಪದ ಮಿಲ್ಲೊಂದರಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದರು.

ಹಂದಿ ಸಾಕಣೆಯ ಮೇಲಿನ ನಿರ್ಬಂಧ ತೆಗೆದ ನಂತರ ಡಾಕ್ಟರಮ್ಮ ಮನೆಗೆ ಬಂದು, ಮತ್ತೆ ಮರಿ ತರಬಹುದು, ಸಬ್ಸಿಡಿಗೆ ನಾನು ಓಡಾಡುತ್ತೇನೆ ಎಂದರು. ನನಗೆ ಆಸೆಯಿತ್ತು. ನನಗೆ ಗೊತ್ತಿದ್ದ ಕೆಲಸ ಅದೊಂದೇ.

“ನೋಡೋಣೇನ್ರಿ?” ಎಂದೆ.

ಗಂಡ ಚಹಾದ ಲೋಟ ಕೆಳಗಿಟ್ಟರು. “ನಂಬಿ ಮಕ್ಕೊಂಡಿತ್ತು,” ಎಂದರು. “ನಾ ಸವರಿದ್ದಕ್ಕ ಮಕ್ಕೊಂಡಿತ್ತು.”

ಡಾಕ್ಟರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಅವರನ್ನು ಜೀಪಿನವರೆಗೆ ಬಿಟ್ಟುಬಂದವರು ಗಂಡನೇ.

ಆ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಶೆಡ್ಡಿನ ತಗಡು ಬಿಚ್ಚಿ ಮಾರಿದೆವು. ಬಿಚ್ಚುವ ದಿನ ಗಂಡ ಕೆಲಸಕ್ಕೆ ಹೋದರು. ನಾನೊಬ್ಬಳೇ ನಿಂತು ಬಿಚ್ಚಿಸಿದೆ.