ಮಂಡಕ್ಕಿ ಭಟ್ಟಿಯಲ್ಲಿ ಬೆಂದ ಮುದ್ರೆಗಳು

ಬೆಳಗಿನ ಆರು ಗಂಟೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರ ಮುಂದೆ ಹಯಾತ್ ಸಾಬ್ ಕುಕ್ಕರಗಾಲಲ್ಲಿ ಕೂತು ಇಕ್ಕಳದಿಂದ ಬೂದಿ ಕೆದಕುತ್ತಿದ್ದಾರೆ. ಹೊರಬರುತ್ತಿರುವುದು ಮಂಡಕ್ಕಿಯಲ್ಲ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಚೌಕದ ಕಲ್ಲುಗಳು. ಒಂದೊಂದರ ಮೇಲೂ ಒಂಟಿಕೊಂಬಿನ ಎತ್ತು, ಅದರ ಮೇಲೊಂದು ಸಾಲು ಅಕ್ಷರ. ಸಾವಿರಾರು ವರ್ಷಗಳ ಹಿಂದೆ ಸಿಂಧೂ ಕಣಿವೆಯ ಜನ ಜೇಡಿಮಣ್ಣಿನ ಮೇಲೆ ಒತ್ತುತ್ತಿದ್ದ ಮುದ್ರೆಗಳ ನಕಲು ಇವು. ಸುಟ್ಟರೆ ಕಲ್ಲು ಗಟ್ಟಿಯಾಗುತ್ತದೆ. ಭಟ್ಟಿಯ ಮಾಲೀಕ ಕಲ್ಲೇಶಪ್ಪ ಬಾಡಿಗೆ ಕೇಳಿಲ್ಲ, 'ಕಲ್ಲು ಹುರಿಯೋ ಸಾಬ್ರು' ಎಂದು ಹೆಸರಿಟ್ಟು ಖುಷಿಪಟ್ಟಿದ್ದಾರೆ.

ಅರವತ್ಮೂರರ ಹಯಾತ್ ಸಾಬ್ ನಲವತ್ತು ವರ್ಷದಿಂದ ರಬ್ಬರ್ ಸ್ಟಾಂಪು, ಹಿತ್ತಾಳೆ ಸೀಲು ಕೆತ್ತುವವರು. ಒಂದು ಕಾಲಕ್ಕೆ ದಿನಕ್ಕೆ ಹತ್ತು ಸ್ಟಾಂಪು ಕೆತ್ತಿದ ಕೈಗೆ ಕಂಪ್ಯೂಟರ್ ಬಂದ ಮೇಲೆ ವಾರಕ್ಕೆ ಎರಡು ಸಿಕ್ಕರೆ ಹೆಚ್ಚು. ಹಾಗಿರುವಾಗ ಹರಿಹರದ ಶಾಲೆಯೊಂದರ ಶಿಕ್ಷಕಿ ಸುಧಾ ಈ ಮುದ್ರೆಗಳ ಚಿತ್ರವಿದ್ದ ಹಳೆಯ ಪುಸ್ತಕವೊಂದನ್ನು ಹಿಡಿದು ಅಂಗಡಿಗೆ ಬಂದರು. ಶಾಲೆಯ ವಸ್ತುಪ್ರದರ್ಶನಕ್ಕೆ ನಲವತ್ತು ಮುದ್ರೆ ಬೇಕು, ಮಕ್ಕಳು ತಾವೇ ಮಣ್ಣಿಗೆ ಒತ್ತಿ ನೋಡಬೇಕು ಎಂದರು. ಮುದ್ರೆಗಳ ಮೇಲಿನ ಭಾಷೆ ನಮ್ಮ ಕನ್ನಡ, ತಮಿಳಿನ ಬಳಗದ್ದೇ ಇರಬಹುದೆಂದು ಕೆಲವು ವಿದ್ವಾಂಸರು ಹೇಳುತ್ತಾರೆ, ಆದರೆ ಇನ್ನೂ ಯಾರೂ ಖಚಿತವಾಗಿ ಓದಿಲ್ಲ ಎಂದೂ ತಿಳಿಸಿದರು. ಸಾಬರು ಬಳಪದ ಕಲ್ಲು ತಂದರು. ಹೆಂಡತಿ ಮಾಬೂಬೀ ಕಲ್ಲು ಉಜ್ಜಿ ಸಮ ಮಾಡಿದರೆ, ಇವರು ಭೂತಗನ್ನಡಿ ಹಿಡಿದು ದಿನಕ್ಕೆರಡು ಕೆತ್ತಿದರು.

ಮೂವತ್ತು ಮುಗಿದಾಗ ಎಡವಟ್ಟು ಗೊತ್ತಾಯಿತು. ಸ್ಟಾಂಪು ಕೆತ್ತುವವರು ಎಲ್ಲವನ್ನೂ ತಿರುಗಿಸಿಯೇ ಕೆತ್ತಬೇಕು, ಆಗಲೇ ಅಚ್ಚು ನೆಟ್ಟಗೆ ಮೂಡುವುದು. ಕೈ ಅಭ್ಯಾಸಬಲದಿಂದ ಪುಸ್ತಕದ ಚಿತ್ರವನ್ನೂ ತಿರುಗಿಸಿಯೇ ಕೆತ್ತಿತ್ತು. ಮಾಬೂಬೀ ಚಪಾತಿ ಹಿಟ್ಟಿಗೆ ಒತ್ತಿ ನೋಡಿದಾಗ ಅಚ್ಚು ಚಿತ್ರದ ಹಾಗೇ ಬಂದು ಇಬ್ಬರೂ ಹಿಗ್ಗಿದ್ದರು. ಆದರೆ ಪುಸ್ತಕದ ಮುಂದಿನ ಹಾಳೆಯಲ್ಲಿ ಮಣ್ಣಿನ ಅಚ್ಚಿನ ಚಿತ್ರವೂ ಇತ್ತು. ಅದರಲ್ಲಿ ಎತ್ತು ಬಲಕ್ಕೆ ನೋಡುತ್ತಿತ್ತು, ಇವರ ಹಿಟ್ಟಿನಲ್ಲಿ ಎಡಕ್ಕೆ. ಇವರು ನೋಡಿ ಕೆತ್ತಿದ ಮೊದಲ ಚಿತ್ರ ಮುದ್ರೆಯದೇ ಆಗಿತ್ತು, ಅಚ್ಚಿನದಲ್ಲ. ಅದನ್ನು ಇದ್ದ ಹಾಗೆಯೇ ಕೆತ್ತಬೇಕಿತ್ತು.

ಪ್ರದರ್ಶನಕ್ಕೆ ಹತ್ತೇ ದಿನ ಉಳಿದಿತ್ತು. ಸುಟ್ಟ ಕಲ್ಲನ್ನು ಮತ್ತೆ ಕೆತ್ತುವ ಹಾಗಿಲ್ಲ. ಮಾಬೂಬೀ ಗಂಡನ ಕೆಂಪಾದ ಕಣ್ಣು ನೋಡಿ ಬುದ್ಧಿ ಹೇಳಿದರು: "ಓದೋರೇ ಇಲ್ಲ ಅಂದ್ಮ್ಯಾಲೆ ಎಡಕ್ಕಿದ್ರೇನು, ಬಲಕ್ಕಿದ್ರೇನು? ಸುಮ್ನೆ ಕೊಟ್ಟು ಬರ್ರಿ."

ಸಾಬರಿಗೂ ಆಸೆಯಾಗದೆ ಇರಲಿಲ್ಲ. ಒಂದು ಕಪ್ ಚಹಾ ಮುಗಿಯುವವರೆಗೆ ಯೋಚಿಸಿದರು. ಆಮೇಲೆ ಮೂವತ್ತನ್ನೂ ಚೀಲಕ್ಕೆ ತುಂಬಿ ಮೂಲೆಗಿಟ್ಟು, ಹೊಸ ಕಲ್ಲಿಗೆ ಉಳಿ ಹಿಡಿದರು. ದಿನಕ್ಕೆರಡರ ಜಾಗದಲ್ಲಿ ನಾಲ್ಕು. ಬುದ್ಧಿ ಹೇಳಿದ ಮಾಬೂಬೀ ಗೊಣಗುತ್ತಲೇ ಕಲ್ಲು ಉಜ್ಜಿ ಕೊಟ್ಟರು. ಈ ಬೆಳಿಗ್ಗೆ ಭಟ್ಟಿಯಿಂದ ಬಂದದ್ದು ಕೊನೆಯ ನಾಲ್ಕು.

ಹತ್ತು ಗಂಟೆಗೆ ಹರಿಹರದ ಶಾಲೆಯಲ್ಲಿ ಮಕ್ಕಳು ಮುಗಿಬಿದ್ದು ಮಣ್ಣಿಗೆ ಒತ್ತುತ್ತಿದ್ದಾರೆ. ನಲವತ್ತು ಎತ್ತುಗಳೂ ಬಲಕ್ಕೆ ಮುಖ ಮಾಡಿವೆ. ವಿಷಯ ತಿಳಿದ ಸುಧಾ ಮೇಡಂಗೆ ಮನಸ್ಸು ಚುರ್ ಎಂದಿದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲವಲ್ಲ, ಯಾಕಿಷ್ಟು ಕಷ್ಟಪಟ್ಟಿರಿ ಎಂದು ಕೇಳುತ್ತಾರೆ.

ಹಯಾತ್ ಸಾಬ್ ಮಕ್ಕಳ ಕಡೆ ನೋಡುತ್ತಾರೆ. "ಮೇಡಂ, ಇದ್ನ ಇನ್ನೂ ಯಾರೂ ಓದಿಲ್ಲ ಅಂದ್ರಿ. ಓದೋರು ಇವರೊಳಗೇ ಒಬ್ಬರು ಆದ್ರೆ? ಅವರ ಕೈಗೆ ಮೊದ್ಲು ಸಿಕ್ಕಿದ್ದು ನಾನು ಕೆತ್ತಿದ್ದೇ ಅಲ್ಲೇನ್ರಿ, ಅದೇ ಉಲ್ಟಾ ಇದ್ರೆ ಹೆಂಗೆ?"