ನೇಯದೆ ಉಳಿದ ದಡಿ

ಬನಹಟ್ಟಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇತ್ತು. ಸೀರೆಯಂಚಿನ ದಡಿ, ಸೆರಗಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬರೆದು ಮಗ್ಗದವರಿಗೆ ಕೊಡುವ ಕೆಲಸ. ಹೈಸ್ಕೂಲಿನಾಚೆ ಓದದ ನನಗೆ ಅದನ್ನು ಕಲಿಸಿದವಳು ಅಕ್ಕನ ಮಗಳು. ಚಿತ್ರ ತಿದ್ದಿದಾಗ ಹಳೆಯದೂ ಉಳಿಯಲೆಂದು ಗಿಟ್ ಎಂಬ ತಂತ್ರಾಂಶ ಹಾಕಿಕೊಟ್ಟಿದ್ದಳು. ತಿದ್ದಿದಾಗಲೆಲ್ಲ ಒಂದು ಕಮಿಟ್, ಅಂದರೆ ಆ ತಿದ್ದುಪಡಿಯ ದಾಖಲೆ, ಅದಕ್ಕೊಂದು ಸಾಲಿನ ವಿವರ.

ನನ್ನ ಕಮಿಟ್‌ಗಳೆಲ್ಲ ತಪ್ಪು ತಿದ್ದಿದವೇ. ಒಮ್ಮೆ ವ್ಯಾಪಾರಿಯೊಬ್ಬರು ಬಂದು ಕೆಲಸ ನೋಡುವವರಿದ್ದರು. ನನ್ನ ತಪ್ಪುಗಳು ಅವರ ಕಣ್ಣಿಗೆ ಬೀಳಬಾರದೆಂದು, ಹಿಂದಿನ ದಿನ ಮಧ್ಯಾಹ್ನ ಅವಳಿಲ್ಲದಾಗ ರೀಬೇಸ್ ಮಾಡಲು, ಅಂದರೆ ಹಳೆಯ ಕಮಿಟ್‌ಗಳನ್ನೇ ಬದಲಿಸಲು ಕುಳಿತೆ. ಪರದೆಯ ಮೇಲೆ ಕಮಿಟ್‌ಗಳು ಸಾಲಾಗಿ ಬಂದವು. ಸೀರೆ ಮಗ್ಗದಿಂದ ಇಳಿದ ಮೇಲೆ ಹಿಂಬದಿಯ ಎಳೆಗಳನ್ನು ಕತ್ತರಿಸುತ್ತೇವೆ. ಮುಂಭಾಗದ ಹೂವಿಗೆ ಏನೂ ಆಗುವುದಿಲ್ಲ. ಇದೂ ಹಾಗೇ ಎಂದುಕೊಂಡು ‘ತಿದ್ದಿದ್ದು’ ಎಂದಿದ್ದ ಸಾಲುಗಳನ್ನೆಲ್ಲ ಅಳಿಸಿದೆ. ಸಾಲು ಹೋದರೆ ಆ ಕೆಲಸವೇ ಹೋಗುತ್ತದೆಂದು ತಿಳಿದಿರಲಿಲ್ಲ. ಹೂ ಸೇರಿಸಿದಾಗ ಅವಳೂ ‘ತಿದ್ದಿದ್ದು’ ಎಂದೇ ಬರೆಯುತ್ತಿದ್ದಳು.

ವ್ಯಾಪಾರಿಗೆ ತೋರಿಸಲೆಂದು ಅವಳು ಸ್ವಂತವಾಗಿ ಬರೆದಿದ್ದ ಮೊದಲ ದಡಿಯಲ್ಲಿ ಬರೀ ಗೆರೆಗಳು ಉಳಿದವು.

ಸಂಜೆ ಬಂದು ನೋಡಿದಳು. “ಮಾಮಾ, ನನ್ನ ಹೂವೆಲ್ಲಾ ಎಲ್ಲಿ ಹೋದೂ? ನೀ ಏನರ ಮುಟ್ಟಿದ್ಯಾ?”

“ನಾ ಯಾಕ ಮುಟ್ಟಲಿ? ಕರೆಂಟ್ ಹೋಗಿತ್ತ ನೋಡವ್ವಾ.”

“ಕರೆಂಟಿಗೂ ನನ್ನ ದಡಿನ ಬೇಕಾಗಿತ್ತೇನ!” ಎಂದು ನಗಲು ನೋಡಿದಳು, ಆಗಲಿಲ್ಲ. ನನ್ನ ಮಾತು ನಂಬಿದ್ದರಿಂದ ಬೇರೇನೂ ಹುಡುಕಲಿಲ್ಲ. ಹೊತ್ತೂ ಇರಲಿಲ್ಲ. ಹೂಗಳನ್ನು ಮತ್ತೆ ಬರೆಯಲು ಕುಳಿತಳು.

ಮರುದಿನ ವ್ಯಾಪಾರಿ ನೋಡಿ, “ಹೂವ ಒಂದರ ಮ್ಯಾಲ ಒಂದ ಬಿದ್ದಾವಲ್ಲರಿ. ಇದ ದಡಿನೋ, ಸಂತಿ ದಿನದ ಬಸ್ಸೋ?” ಎಂದರು. ಅವಳ ಮುಖ ನೋಡಲು ನನಗಾಗಲಿಲ್ಲ. ಅವರು ಪಕ್ಕದ ರಬಕವಿಯ ಇನ್ನೊಬ್ಬರ ಚಿತ್ರ ಒಪ್ಪಿಕೊಂಡರು.

ಆ ವಾರ ಊಟ ರುಚಿಸಲಿಲ್ಲ. ಕೊನೆಗೆ ಅವಳೆದುರು ಕುಳಿತು ಇದ್ದದ್ದು ಇದ್ದಂತೆ ಹೇಳಿದೆ. ಅವಳು ಬೈಯಲಿಲ್ಲ. ಕಂಪ್ಯೂಟರಿನ ಮುಂದೆ ಹೋಗಿ ರಿಫ್ಲಾಗ್ ತೆಗೆದಳು. ಕೆಲಸ ಯಾವಾಗ ಎಲ್ಲಿ ನಿಂತಿತ್ತೆಂದು ಅದರಲ್ಲಿ ಗುರುತಿತ್ತು. ನನ್ನ ರೀಬೇಸಿಗಿಂತ ಮುಂಚಿನ ಕಮಿಟ್ ಹುಡುಕಿ, ಅಲ್ಲಿಂದ ಹೊಸ ಬ್ರ್ಯಾಂಚ್, ಅಂದರೆ ಬೇರೆ ಕವಲು ಮಾಡಿದಳು. ಹೂಗಳು ಬಳ್ಳಿಯ ಸಮೇತ ಬಂದು ನಿಂತವು.

“ಕಮಿಟ್ ಮಾಡಿದ್ದು ಅಷ್ಟ ಲಗೂ ಹೋಗೂದಿಲ್ಲ ಮಾಮಾ. ಅವತ್ತ ಖರೆ ಹೇಳಿದ್ರ ಅವತ್ತ ತಗದ ಕೊಡ್ತಿದ್ದೆ.”

“ವ್ಯಾಪಾರಿಗೆ ಫೋನ್ ಮಾಡ್ಲೇನವ್ವಾ?”

“ಅವರ ಮಗ್ಗ ರಬಕವಿ ಚಿತ್ರದ ಮ್ಯಾಲ ಆಗಲೇ ಓಡಾಕತ್ತಾವು. ಬಿಡ.”

ಆಮೇಲೆ ಅವಳು ಬೇರೆಯವರ ಚಿತ್ರ ತಿದ್ದಿಕೊಟ್ಟಳೇ ಹೊರತು ತನ್ನದೆಂದು ಒಂದನ್ನೂ ಬರೆಯಲಿಲ್ಲ. ಹೊಸದೊಂದು ದಡಿ ಬರಿ ಎಂದು ಈಗಲೂ ಕೇಳುತ್ತೇನೆ.

“ನೇಯದ್ದ ಒಂದ ಐತಲ್ಲ ಮಾಮಾ, ಅದ ಇರ್ಲಿ” ಎನ್ನುತ್ತಾಳೆ.